ಹಕ್ಕಿಯನ್ನು ಹೊತ್ತು ಸರಿದ ಬಯಲು

“ರೀ, ನಿಲ್ರಿ! ಆ ನೆಲ ಸರೀಲಿಕತ್ತದ!”

ನಾನು ಕಿರುಚಿದಾಗ ನನ್ನ ಗಂಡ ಮುಂದಿಡಲು ಕಾಲೆತ್ತಿಯಾಗಿತ್ತು. ನಿಫಾಡ್ ಹತ್ತಿರದ ಪಕ್ಷಿಧಾಮಕ್ಕೆ ನಾವಿಬ್ಬರೇ ಬೆಳಿಗ್ಗೆ ಹೋಗಿದ್ದೆವು. ದಟ್ಟ ಮಂಜು. ಎದುರಿನ ಹಸಿರು ಬಯಲಲ್ಲಿ ನೀಲಿ ಹಕ್ಕಿಯೊಂದು ನಿಧಾನವಾಗಿ ನಡೆಯುತ್ತಿತ್ತು. ಇವರು ಬೈನಾಕ್ಯುಲರ್ ಕಣ್ಣಿಂದ ತೆಗೆಯದೆ ಅದರ ಹಿಂದೆಯೇ ಹೊರಟಿದ್ದರು. ಅಷ್ಟರಲ್ಲಿ ಗಾಳಿ ಬೀಸಿತು. ಅದುವರೆಗೆ ಕಿವಿ ತುಂಬಿದ್ದ ಬಾತುಗಳ ಗದ್ದಲ ಒಮ್ಮೆಲೇ ನಿಂತಿತು. ಬಯಲಿಗೆ ಬಯಲೇ ಹಕ್ಕಿಯನ್ನು ಹೊತ್ತುಕೊಂಡು, ಸದ್ದಿಲ್ಲದೆ ನಮ್ಮಿಂದ ದೂರ ಸರಿಯತೊಡಗಿತು.

ನಾನು ಅವರ ಸ್ವೆಟರ್ ಹಿಡಿದು ಹಿಂದಕ್ಕೆಳೆದೆ. ಅವರು ಕಾಲಿಡಬೇಕಿದ್ದ ಜಾಗದಲ್ಲಿ ಕಪ್ಪು ನೀರು ಬಾಯ್ತೆರೆದಿತ್ತು. ಬಯಲೆಂದುಕೊಂಡದ್ದು ನೀರಿನ ಮೇಲೆ ಹೆಣೆದುಕೊಂಡು ತೇಲುವ ಅಂತರಗಂಗೆ ಕಳೆ.

ಮಂಜಿನೊಳಗಿಂದ ದೋಣಿಯೊಂದು ಬಂತು. ಅದರಲ್ಲಿದ್ದ ಮೀನುಗಾರ ಮುದುಕಿ ನಮ್ಮನ್ನು ದಿಟ್ಟಿಸಿ, “ಮಾಝೀ ಗಾಯ್ ಇಥೇಚ್ ಗೇಲೀ” ಎಂದು ಮರಾಠಿಯಲ್ಲಿ ಹೇಳಿದಳು. ಅವಳ ಹಸು ಮುಳುಗಿ ಸತ್ತದ್ದು ಇಲ್ಲೇ ಅಂತೆ. ಮತ್ತೆ ಹುಟ್ಟು ಹಾಕುತ್ತ ಮಂಜಿನಲ್ಲಿ ಕರಗಿಹೋದಳು.

ಓಝರ್‌ನ ನಮ್ಮ ಕಾಲೊನಿಯ ಪಾರ್ಕಿನಲ್ಲಿ ಹುಲ್ಲಿಗೆ ಕಾಲಿಡುವ ಮುನ್ನ ಇವರು ಈಗಲೂ ಒಂದು ಗಳಿಗೆ ನಿಲ್ಲುತ್ತಾರೆ. ನೋಡಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.