ಗಾಜಿನ ಅಂಚಿನ ವಿಭೂತಿ

ಹೋದ ತಿಂಗಳು ರಜೆಗೆ ಊರಿಗೆ ಹೋಗುವಾಗ ಸತ್ಯಮಂಗಲದ ಬಸ್ಸು ಘಾಟಿ ಹತ್ತಿ ದಿಂಬಂನಲ್ಲಿ ನಿಂತಿತು. ಎಲ್ಲರೂ ಟೀ ಕುಡಿಯಲು ಇಳಿದರು. ನಾನು ಮಾತ್ರ ಸೂಟ್‌ಕೇಸಿನಿಂದ ಒಂದು ಪೊಟ್ಟಣ ತೆಗೆದುಕೊಂಡು, ಆಚೆ ಈಚೆ ನೋಡಿ, ಟೀ ಅಂಗಡಿಯ ಹಿಂದಕ್ಕೆ ಹೋದೆ. ಸಿಗರೇಟು ಅಂದುಕೊಂಡಿರಾ? ಅಷ್ಟೇ ಆಗಿದ್ದರೆ ಈ ವಾರ ಬರೆಯಲು ಬೇರೆ ವಿಷಯ ಹುಡುಕಬೇಕಿತ್ತು.

ಪೊಟ್ಟಣದಲ್ಲಿದ್ದದ್ದು ನನ್ನ ಇಷ್ಟಲಿಂಗ. ನಮ್ಮ ಮನೆಯವರು ಹುಟ್ಟಿದಾಗಿನಿಂದ ಸಾಯುವವರೆಗೆ ಮೈಯಿಂದ ಬೇರೆ ಮಾಡದ ಲಿಂಗ. ಲಂಡನ್ನಿನ ಹಾಸ್ಟೆಲಿನಲ್ಲಿ ಸ್ನಾನದ ಮನೆ ಎಲ್ಲರಿಗೂ ಒಂದೇ. ಕೊರಳಲ್ಲಿ ಅದೇನು ಅಂತ ಒಬ್ಬ ಕೇಳಿದ, ಇನ್ನೊಬ್ಬ ಕೇಳಿದ. ವಿವರಿಸಿ ಸಾಕಾಗಿ (ನಿಜ ಹೇಳುತ್ತೇನೆ, ನಾಚಿಕೆಯಾಗಿ) ತೆಗೆದು ಡ್ರಾಯರಿನಲ್ಲಿ ಸಾಕ್ಸುಗಳ ಪಕ್ಕ ಇಟ್ಟುಬಿಟ್ಟಿದ್ದೆ. ಈಗ ಊರು ಹತ್ತಿರ ಬಂತಲ್ಲ? ದಿಂಬಂನ ಚಳಿಯಲ್ಲಿ ಶರ್ಟಿನ ಗುಂಡಿ ಬಿಚ್ಚಿ ಲಿಂಗ ಕಟ್ಟಿದ ಶಿವದಾರವನ್ನು ಕೊರಳಿಗೆ ಹಾಕಿಕೊಂಡೆ. ಬಸ್ಸು ಹಾಸನೂರು ದಾಟುವಷ್ಟರಲ್ಲಿ ಒಳ್ಳೆಯ ಮನೆತನದ ಹುಡುಗನಾಗಿದ್ದೆ.

ಆ ಶಿವದಾರ ಹೊಸೆದುಕೊಟ್ಟವಳು ನಮ್ಮ ದೊಡ್ಡಮ್ಮ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು.

ಸಂಜೆ ಜಗಲಿ ತುಂಬ ಜನ. ಫಾರಿನ್ನಿನಿಂದ ಬಂದವನು ಆಲ್ಬಂ ತೋರಿಸದೆ ಇರುವುದುಂಟೆ? ನಮ್ಮೂರಿಗೆ ಇನ್ನೂ ಟಿವಿ ಬಂದಿಲ್ಲ, ಹಾಗಾಗಿ ನನ್ನ ಫೋಟೋಗಳಿಗೆ ಒಳ್ಳೆಯ ಬೆಲೆ. ಎಲ್ಲ ಮ್ಯೂಸಿಯಂಗಳದೇ. (ನಿಮಗೆ ಗೊತ್ತೇ ಇದೆ, ಎಷ್ಟೋ ವಾರ ಇದೇ ಜಾಗದಲ್ಲಿ ಅವುಗಳ ಬಗ್ಗೆ ಕೊರೆದಿದ್ದೇನೆ.) ಟಿಕೆಟ್ಟಿಲ್ಲ, ಒಳಗೆ ಬೆಚ್ಚಗಿರುತ್ತದೆ. ಭಾನುವಾರ ಕಳೆಯಲು ಜೇಬು ಖಾಲಿಯಿರುವ ವಿದ್ಯಾರ್ಥಿಗೆ ಇನ್ನೇನು ಬೇಕು? ಮೂಗು ಮುರಿದ ಗ್ರೀಕ್ ಮೂರ್ತಿ, ಯಾವುದೋ ರಾಣಿಯ ಬಾಚಣಿಗೆ, ಈಜಿಪ್ಟಿನ ಹೆಣ. ಫೋಟೋಗಳು ಕೈಯಿಂದ ಕೈಗೆ ದಾಟಿದವು.

"ಎಣವ ಮಣ್ಣು ಮಾಡ್ದೆ ಮಡೀಕಂಡವ್ರಾ?" ಅಂತ ಚಿಕ್ಕಪ್ಪ ನಕ್ಕ.

ಕೊನೆಯಲ್ಲಿ ನನ್ನ ತುರುಪಿನ ಎಲೆ ತೆಗೆದೆ. ಗಾಜಿನ ಪೆಟ್ಟಿಗೆಯೊಳಗೆ ಲಿಂಗ ಇಡುವ ಬೆಳ್ಳಿಯ ಕರಡಿಗೆ, ಮುಚ್ಚಳ ತೆಗೆದಿಟ್ಟದ್ದು. ಪಕ್ಕದಲ್ಲಿ ಅದರೊಳಗಿದ್ದ ಲಿಂಗ. ಗಾಜಿನ ಈಚೆ ಮುವ್ವತ್ತೆರಡು ಹಲ್ಲೂ ಬಿಟ್ಟುಕೊಂಡು ನಾನು. ಹಾಸ್ಟೆಲಿನ ಗೆಳೆಯನ ಕೈಗೆ ಕ್ಯಾಮೆರಾ ಕೊಟ್ಟು ತೆಗೆಸಿಕೊಂಡದ್ದು.

"ನೋಡು ದೊಡ್ಡಮ್ಮ, ನಮ್ಮದೂ ಅಲ್ಲಿದೆ" ಅಂದೆ.

ದೊಡ್ಡಮ್ಮ ಫೋಟೋವನ್ನು ಬೆಳಕಿಗೆ ಹಿಡಿದಳು. "ಯಾರ್ದು ಕಣ್ಲಾ ಇದು?"

"ಸೌತ್ ಇಂಡಿಯಾದ್ದು ಅಂತ ಬರೆದಿದ್ದಾರೆ. ತುಂಬ ಹಳೇದು."

"ಅದಲ್ಲ ಕಣ. ಯಾರ ಕೊರಳಲ್ಲಿತ್ತು?"

"ಅದನ್ನೆಲ್ಲ ಬರೆದಿಲ್ಲ. ಈ ಕಡೆ ಇದ್ದ ಯಾರೋ ಬಿಳಿ ಆಫೀಸರು ತಗೊಂಡು ಹೋಗಿದ್ದನಂತೆ. ಅವನ ಮನೆಯವರು ಮ್ಯೂಸಿಯಮ್ಮಿಗೆ ಕೊಟ್ಟರಂತೆ."

"ಅವನ್ಗೆ ಯಾರ್ ಕೊಟ್ರು?"

ನಮ್ಮಲ್ಲಿ ಯಾರೂ ಲಿಂಗವನ್ನು ಮಾರುವುದಿಲ್ಲ, ಮಗನಿಗೂ ಬಿಟ್ಟುಹೋಗುವುದಿಲ್ಲ. ಸತ್ತವರನ್ನು ಕೂರಿಸಿ ಮಣ್ಣು ಮಾಡುವಾಗ ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಡುತ್ತಾರೆ. ಅಮ್ಮನ ಅಂಗೈಯಲ್ಲಿ ಇಟ್ಟದ್ದನ್ನು ನಾನೇ ಕಂಡಿದ್ದೇನೆ. ಹಾಗಾದರೆ ಈ ಲಿಂಗ ಕಟ್ಟಿಕೊಂಡಿದ್ದವನು ಬರಿಗೈಯಲ್ಲಿ ಮಣ್ಣಿಗೆ ಹೋದನೇ? ಇಲ್ಲ, ಸಮಾಧಿ ಅಗೆದು ಅವನ ಕೈಯಿಂದ ತೆಗೆದರೇ? ಮ್ಯೂಸಿಯಮ್ಮಿನಲ್ಲಿ ಲೋಹ ಯಾವುದು, ಕಾಲ ಯಾವುದು ಅಂತ ಓದಿ ತಲೆಯಾಡಿಸಿದವನಿಗೆ ಇದೊಂದು ಹೊಳೆದಿರಲಿಲ್ಲ. ಹೊಳೆದದ್ದು ಫೋಟೋ ತೆಗೆಸಿಕೊಳ್ಳಬೇಕು ಅಂತ.

"ಪಕ್ಕದಲ್ಲಿ ನಿಂತ್ಕಂಡು ನಗ್ತಾ ಇದ್ದೀಯಲ್ಲಾ" ಅಂದಳು ದೊಡ್ಡಮ್ಮ.

ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು, ಎಷ್ಟಾದರೂ ಓದಿದವನು. ಜಗಲಿಯ ಮೇಲೆ ಯಾರೂ ಇನ್ನೊಂದು ಫೋಟೋ ಕೇಳಲಿಲ್ಲ. ಆಲ್ಬಂ ಮುಚ್ಚಿ ಒಳಗೆ ಹೋದೆ.

ಹೊರಡುವ ದಿನ ದೊಡ್ಡಮ್ಮ ಒಂದು ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಳು.

"ಕಣ್ಣಾಡಿ ಪೆಟ್ಟಿ ಒಳಕ್ಕೆ ಕೈ ಆಕಕ್ಕೆ ಬುಡಾಕಿಲ್ಲ ಅಂತ ನನ್ಗೂ ಗೊತ್ತು ಕಣ್ಲಾ. ಈಚೆಯಿಂದ್ಲೇ ಒಂದ್ ಚಿಟ್ಕೆ ಮಡುಗ್ಬುಟ್ಟು ಕೈ ಮುಗ್ದು ಬಾ. ಯಾರೋ ಏನೋ, ಅವರ್ಗೆ ಯಾರೂ ಇಲ್ದಂಗೆ ಆಗದು ಬ್ಯಾಡ. ದಿನಾ ನಿನ್ ಲಿಂಗದ ಪೂಜೆ ಮಾಡ್ಕತೀಯಲ್ಲ, ಅಂಗೇಯ."

ದಿನಾ ಪೂಜೆ. ನಾನು ಹ್ಞೂಂ ಅಂದೆ. ಮುಖ ನೋಡಿ ಹ್ಞೂಂ ಅನ್ನಲಾಗಲಿಲ್ಲ, ಚಪ್ಪಲಿ ಹುಡುಕುತ್ತ ಅಂದೆ. ವಾಪಸು ಬರುವಾಗ ದಿಂಬಂನಲ್ಲಿ ಬಸ್ಸು ನಿಂತರೂ ನಾನು ಇಳಿಯಲಿಲ್ಲ. ಲಿಂಗ ಕೊರಳಲ್ಲೇ ಇತ್ತು.

ಮೊನ್ನೆ ಭಾನುವಾರ ಮ್ಯೂಸಿಯಮ್ಮಿಗೆ ಹೋದೆ. ಕೋಟಿನ ಜೇಬಿನಲ್ಲಿ ವಿಭೂತಿ. ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಎಷ್ಟು ಹೊತ್ತಿನ ಕೆಲಸ ಅದು? ಆದರೆ ಒಬ್ಬ ಹೆಂಗಸು ಬಂದಳು, ಬೋರ್ಡು ಓದುವವನ ಹಾಗೆ ಬಗ್ಗಿದೆ. ಅವಳು ಹೋದಳು, ಶಾಲೆಯ ಮಕ್ಕಳು ಬಂದರು, ಮತ್ತೆ ಬಗ್ಗಿದೆ. ಆ ಬೋರ್ಡು ಈಗ ನನಗೆ ಬಾಯಿಪಾಠ.

ಕಡೆಗೂ ಗ್ಯಾಲರಿ ಖಾಲಿಯಾಯಿತು. ಗಾಜಿನ ಚೌಕಟ್ಟಿನ ಅಂಚಿನ ಮೇಲೆ ಒಂದು ಚಿಟಿಕೆ ವಿಭೂತಿ ಇಟ್ಟೆ. ಕೈ ಮುಗಿಯಲು ಎರಡೂ ಕೈ ಎತ್ತಿದೆ. ಹಿಂದೆ ಬೂಟಿನ ಸಪ್ಪಳ. ಎತ್ತಿದ ಕೈಗಳಿಂದ ಕೋಟಿನ ಕಾಲರ್ ಸರಿಮಾಡಿಕೊಂಡೆ.

ಬಂದವನು ಅಲ್ಲಿಯ ಕಾವಲುಗಾರ. ವಯಸ್ಸಾದವನು, ಮೆತ್ತಗಿನ ಮನುಷ್ಯ. ಅಂಚಿನ ಮೇಲಿನ ಬಿಳಿಯ ಪುಡಿ ಅವನ ಕಣ್ಣಿಗೆ ಬಿತ್ತು. ಜೇಬಿನಿಂದ ಬಟ್ಟೆ ತೆಗೆದು ನೀಟಾಗಿ ಒರೆಸಿದ.

"ಸಾರಿ ಸರ್, ಧೂಳು. ಎಷ್ಟು ಒರೆಸಿದರೂ ಬರುತ್ತಲೇ ಇರುತ್ತದೆ" ಅಂದ.

ಇದು ಧೂಳಲ್ಲ ಅನ್ನಬಹುದಿತ್ತು. ಈ ದೇಶದಲ್ಲಿ ಬೇಕಾದ್ದಕ್ಕೆ ಬೇಡದ್ದಕ್ಕೆಲ್ಲ ಇಂಗ್ಲಿಷ್ ಮಾತಾಡುವವನು ನಾನು. ಶರ್ಟಿನ ಒಳಗೆ ಲಿಂಗ ಎದೆಗೆ ತಾಗುತ್ತಿತ್ತು. ದೊಡ್ಡಮ್ಮ ಕೊಟ್ಟ ಗಟ್ಟಿ ಜೇಬಿನಲ್ಲಿ ಇನ್ನೂ ಹಾಗೇ ಇತ್ತು. ಆದರೂ ನಾನು ನಕ್ಕು ಏನಂದೆ ಗೊತ್ತೇ? "ಪರವಾಗಿಲ್ಲ" ಅಂದೆ.

ಪರವಾಗಿಲ್ಲ ಅನ್ನಲು ನಾನ್ಯಾರು?