ನಂಟನ ಎಲೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಮಳೆಗಾಲದಲ್ಲಿ ಹೊಸಕೋಟೆಯ ದೊಡ್ಡಕೆರೆ ತುಂಬಿ ಕೋಡಿ ಹರಿಯಿತು. ಅದೇ ಹೊತ್ತಿಗೆ ನಮ್ಮ ನಾಲ್ವರು ಗೆಳೆಯರಲ್ಲಿ ಒಬ್ಬನಿಗೆ ಕ್ಷಯ ಎಂದು ಪಂಡಿತರು ಹೇಳಿದರು. ನೀರಿನ ಮೇಲಿನ ಗಾಳಿ ಒಳ್ಳೆಯದೆಂದು ಹೇಳಿದವರೂ ಅವರೇ. ಮಿಲಿಟರಿಯವರ ಹರಾಜಿನಲ್ಲಿ ಸಿಕ್ಕಿದ ಖಾಲಿ ಪೀಪಾಯಿಗಳ ಮೇಲೆ ಬಿದಿರು ಕಟ್ಟಿ ತೆಪ್ಪ ಮಾಡಿದೆವು. ಹರಕು ಡೇರೆಯ ಬಟ್ಟೆಯೇ ಹಾಯಿ. ಊರವರು ನಕ್ಕರು. ನಗಲಿ, ನಗುವುದಕ್ಕೇನು ಕಂದಾಯ ಕಟ್ಟಬೇಕೇ?

ಹಗಲೆಲ್ಲ ಕೆರೆಯ ಮೇಲೆ, ಸಂಜೆಗೆ ದಡದ ಗುಡಿಸಿಲಿನಲ್ಲಿ. ಹೀಗೆ ಒಂದು ವಾರ ಕಳೆಯುವುದೆಂದು ಹೊರಟೆವು. ತೆಪ್ಪದ ಮೇಲೆ ಸಂಸಾರ ಹೂಡುವುದೆಂದರೆ ಅಷ್ಟಿಷ್ಟು ಕೆಲಸವಲ್ಲ. ಬೆಳಿಗ್ಗೆ ಸಡಿಲವಾದ ಹಗ್ಗಗಳನ್ನು ಬಿಗಿಯಬೇಕು, ನೆನೆದ ಸೌದೆ ಒಣಗಿಸಬೇಕು. ಹಳೇ ಬಾಂಡ್ಲಿಗೆ ಮಣ್ಣು ಮೆತ್ತಿ ಒಲೆ ಮಾಡಿದ್ದೆವು. ಗಾಳಿ ತಿರುಗಿದರೆ ಹೊಗೆಯೆಲ್ಲ ನನ್ನ ಕಣ್ಣಿಗೇ. ನಾನೋ ಮೊದಲೇ ಮುಂಗೋಪಿ. ಹಾಯಿಗೂ ಬೈದೆ, ಸೌದೆಗೂ ಬೈದೆ, ಉಳಿದಿಬ್ಬರಿಗೂ ಬೈದೆ. ಕಾಯಿಲೆಯವನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ.

ಅವನು ಹಗ್ಗಕ್ಕೆ ಕೈ ಹಾಕಿದರೆ ಕಿತ್ತುಕೊಳ್ಳುತ್ತಿದ್ದೆವು. ಪಾತ್ರೆ ತೊಳೆಯಲು ಬಗ್ಗಿದರೆ, "ನೀನು ಸುಮ್ನೆ ಕೂತ್ಕೊಳಪ್ಪಾ" ಎನ್ನುತ್ತಿದ್ದೆವು. ಉಂಡ ಮೇಲೆ ಅವನ ಮುತ್ತುಗದ ಎಲೆಯನ್ನು ನಾನೇ ಎತ್ತುತ್ತಿದ್ದೆ. ನಮ್ಮ ಕಡೆ ಮನೆಯವರು ಉಂಡ ಎಲೆಯನ್ನು ಅವರವರೇ ಎತ್ತುತ್ತಾರೆ. ನಂಟರು ಬಂದರೆ ಅವರ ಎಲೆಯನ್ನು ಮಾತ್ರ ಮನೆಯವರು ಎತ್ತುತ್ತಾರೆ. ಪ್ರೀತಿಯ ಭರದಲ್ಲಿ ನಮಗೆ ಅದು ಹೊಳೆಯಲೇ ಇಲ್ಲ.

ಮೂರನೆಯ ದಿನ ನಾನು ಎಲೆಗೆ ಕೈ ಹಾಕಿದಾಗ ಅವನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡ.

"ನಾನೇನು ನಿಮ್ಮ ನಂಟನೇನ್ಲಾ? ಉಂಡು ಎದ್ದು ಹೋಗೋನು ಅಂತ ಈಗ್ಲೇ ತೀರ್ಮಾನ ಮಾಡ್ಬಿಟ್ರಾ?"

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹಾಯಿ ಪಟಪಟ ಬಡಿಯುತ್ತಿತ್ತು.

"ಸಾಯೋದು ನಂಗೂ ಗೊತ್ತು ಕಣ್ರೋ. ಅಲ್ಲೀವರ್ಗಾದ್ರೂ ನಿಮ್ಮಲ್ಲಿ ಒಬ್ಬನಾಗಿ ಇರೋಕೆ ಬಿಡ್ರೋ. ನಾಳೆ ಮುದ್ದೆ ನಂದು."

ಮರುದಿನ ಉಳಿದಿಬ್ಬರಲ್ಲಿ ಒಬ್ಬ ಒಲೆಯ ಮೇಲಿನ ಮಡಕೆಯನ್ನು ಭದ್ರವಾಗಿ ಹಿಡಿದುಕೊಂಡ. ಕಾಯಿಲೆಯವನೇ ಹಿಟ್ಟು ಸುರಿದು ಕೋಲು ಹಿಡಿದ. ಹಿಂದೆಲ್ಲ ನಾಲ್ಕೇ ಸುತ್ತಿನಲ್ಲಿ ಮುದ್ದೆಯನ್ನು ಬೆಣ್ಣೆ ಮಾಡುತ್ತಿದ್ದ ಕೈ ಅದು. ಈಗ ಒಂದು ಸುತ್ತು ತಿರುವಿ ಕೆಮ್ಮುತ್ತಿದ್ದ, ಸುಧಾರಿಸಿಕೊಂಡು ಮತ್ತೆ ತಿರುವುತ್ತಿದ್ದ. ಹೋಗಿ ಕೋಲು ಕಿತ್ತುಕೊಳ್ಳದೆ ಕೂತಿರುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

ಮುದ್ದೆ ಗಂಟುಗಂಟಾಗಿತ್ತು, ಒಳಗೆಲ್ಲ ಹಸಿ ಹಿಟ್ಟು. ಮೂವರೂ ತಲೆ ತಗ್ಗಿಸಿ ನುಂಗಿದೆವು. ಅವನು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖವನ್ನೇ ನೋಡಿದ. ಅವನ ಕಣ್ಣು ತುಂಬಿತ್ತು.

"ಹೆಂಗೈತೆ?"

ಚೆನ್ನಾಗಿದೆ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಕೈಲಿದ್ದ ತುತ್ತನ್ನು ಎಲೆಗೆ ಕುಕ್ಕಿದೆ.

"ಥೂ, ನಿನ್ನ ಕೈಗಿಷ್ಟು ಬೆಂಕಿ ಹಾಕ! ಇದೇನ್ಲಾ, ಮುದ್ದೆನೋ ಜಲ್ಲಿಕಲ್ಲೋ? ದನಕ್ಕೆ ಹಾಕಿದ್ರೆ ದನಾನೂ ಮೂಸಲ್ಲ!"

"ನಿಮ್ಮಪ್ಪ ಬಂದು ತಿರುವಿಕೊಟ್ಟಾನೇನ್ಲಾ, ಮುಚ್ಕೊಂಡು ತಿನ್ನು!" ಎಂದು ಅವನು ತಿರುಗಿ ಬೈದ. ಆಮೇಲೆ ಬಿದಿರಿನ ಮೇಲೆ ಉರುಳಿ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ನಗುತ್ತಿದ್ದ. ನಾವು ಮೂವರೂ ಅಳುತ್ತಿದ್ದೆವು.

ಚಳಿಗಾಲದಲ್ಲಿ, ಅವರೆಕಾಯಿ ಸೊಗಡಿನ ಕಾಲಕ್ಕೆ ಅವನು ಹೋಗಿಬಿಟ್ಟ. ಸೂಲಿಬೆಲೆಯ ಅವನ ಮನೆಯಿಂದ ಹೊಲದವರೆಗೆ ಚಟ್ಟ ಹೊತ್ತವರಲ್ಲಿ ನಾನೂ ಒಬ್ಬ. ಹೆಗಲಿಗೆ ಭಾರವೇ ಗೊತ್ತಾಗಲಿಲ್ಲ. ಬಡ್ಡೀಮಗನೇ, ಇಷ್ಟು ಹಗುರಾಗಿ ಹೋಗ್ತೀಯೇನ್ಲಾ ಎಂದು ದಾರಿಯುದ್ದಕ್ಕೂ ಬೈದೆ. ಹಿರಿಯರು ಗದರಿದರೂ ಬಾಯಿ ನಿಲ್ಲಿಸಲಿಲ್ಲ. ಅವನೊಂದು ಮಾತು ತಿರುಗಿ ಬೈಯಲಿ ಎಂದು ಕಾಯುತ್ತಲೇ ಇದ್ದೆ.