ಹಂಸ ಬರೆಯಲು ಎಂಥ ರೇಷ್ಮೆ?

ಬಟ್ಟೆಯನ್ನು ಮುಟ್ಟಿದರೆ ಸಾಕು, ಅದರ ಯೋಗ್ಯತೆ ಹೇಳಿಬಿಡುತ್ತೇವೆಂಬ ಜಂಬ ನಮ್ಮ ಮನೆತನಕ್ಕೆ ಮೊದಲಿನಿಂದಲೂ ಇದೆ. ನನಗೂ ಇದೆ, ನನ್ನ ಅಂಗಿಗಳನ್ನು ನೋಡಿದವರು ಮಾತ್ರ ನಂಬುವುದಿಲ್ಲ.

ಅರವತ್ತರ ದಶಕದ ಮಾತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ನಮ್ಮ ಬ್ಲಾಕಿನ ಹೆಣ್ಣುಮಕ್ಕಳಿಗೆ ರೇಷ್ಮೆಯ ಮೇಲೆ ಚಿತ್ರ ಬರೆಯುವ ಗೀಳು ಹಿಡಿಯಿತು. ಹಿಡಿಸಿದವರು ತಾಯಂದಿರು. ಹೆಣ್ಣು ನೋಡಲು ಬಂದವರ ಎದುರು ಹಾಡಬೇಕಾದರೆ ಹುಡುಗಿಗೆ ಗಂಟಲಿರಬೇಕು. ಚಿತ್ರವಾದರೆ ಪಾಪ, ಗೋಡೆಯ ಮೇಲೆ ತಾನೇ ನೇತಾಡಿಕೊಂಡು ಸಾಕ್ಷಿ ಹೇಳುತ್ತದೆ. ಎಲ್ಲರ ಮನೆಯಲ್ಲೂ ಹಂಸಗಳೇ. ಆ ವರ್ಷ ಜಯನಗರದಲ್ಲಿ ಕಾಗೆಗಳಿಗಿಂತ ಹಂಸಗಳು ಹೆಚ್ಚಿದ್ದವು.

ನನ್ನ ತಂಗಿ ವಿಮಲೆಗೆ ಬಂದ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯವರು ಬರುವ ಹೊತ್ತಿಗೆ ಚಿತ್ರವೊಂದು ಗೋಡೆಗೇರಲೇಬೇಕೆಂದು ಅಮ್ಮ ಹಟ ಹಿಡಿದಳು. ಅಮ್ಮ, ಸೋದರತ್ತೆ, ವಿಮಲೆ, ಚೀಲ ಹೊರಲು ನಾನು, ಹೀಗೆ ಗಾಂಧಿಬಜಾರಿನ ಅಂಗಡಿಯೊಂದಕ್ಕೆ ದಂಡೆತ್ತಿ ಹೋದೆವು. ಅಮ್ಮ ರೇಷ್ಮೆಯನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿದಳು. ಅತ್ತೆ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ಮೂಸಿದರು. ಕೂದಲು ಸುಟ್ಟ ವಾಸನೆ ಬಂದರೆ ಅಪ್ಪಟ ರೇಷ್ಮೆ. ಹುಳುವನ್ನು ಬೇಯಿಸಿ ತೆಗೆದ ನೂಲು ಮಡಿಗೆ ಶ್ರೇಷ್ಠವೆಂದು ತೀರ್ಮಾನಿಸಿದ ವಂಶದ ಮೂಗು ಅದು, ಪ್ರಶ್ನಿಸುವಂತಿಲ್ಲ.

ವಿಮಲೆ ಮಾತ್ರ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ದಪ್ಪ ರೇಷ್ಮೆಲಿ ಬಣ್ಣ ಇಳಿಯಲ್ಲಮ್ಮ, ಮೇಲೇ ಕೂತ್ಕೊಳ್ಳುತ್ತೆ. ತೆಳ್ಳಗಿರೋದೇ ಬೇಕು."

"ಬಂದೋರು ಮುಟ್ಟಿ ನೋಡಲ್ವೇನೇ? ಈರುಳ್ಳಿ ಸಿಪ್ಪೆ ಥರ ಇದೆ. ಇದನ್ನ ತೋರ್ಸಿ ಮಾನ ಕಳ್ಕೊಳ್ಲಾ?" ಎಂದಳು ಅಮ್ಮ.

ವಿಮಲೆ, ಅಂಗಡಿಯವರು ಕುಡಿಯಲು ಕೊಟ್ಟ ನೀರಿನಲ್ಲಿ ಬೆರಳದ್ದಿ ತೆಳು ರೇಷ್ಮೆಯ ಮೇಲೆ ಒಂದು ಹನಿ ಬಿಟ್ಟಳು. ಅದು ಸರ್ರನೆ ಹರಡಿತು. ಅವಳ ಮುಖ ಅರಳಿತು.

ಅಂಗಡಿಯವರ ಮುಖ ಅರಳಲಿಲ್ಲ. "ಏನಮ್ಮಾ, ಒದ್ದೆ ಮಾಡ್ಬಿಟ್ರಲ್ಲ! ಇನ್ನು ಇದನ್ನ ಯಾರು ತಗೋತಾರೆ?"

ನಾವೇ ತೆಗೆದುಕೊಂಡೆವು. ಬಟ್ಟೆಯ ಆಯ್ಕೆ ಹೀಗೆ ಶಾಸ್ತ್ರೋಕ್ತವಾಗಿ ಮುಗಿಯಿತು.

ಗಂಡಿನವರು ಬರುವ ದಿನ ಬೆಳಿಗ್ಗೆ ವಿಮಲೆ ಚಿತ್ರವನ್ನು ಕೋಲಿಗೆ ಹೊಲಿದು ಕೊಟ್ಟಳು. ನಾನು ಮೊಳೆ ಹೊಡೆದೆ. ಅತ್ತೆ ಎಡಕ್ಕೆ ವಾಲಿದೆ ಎಂದರು. ಅಮ್ಮ ಹಿಂದೆ ಸರಿದು ನಿಂತು, ಬಟ್ಟೆ ತೆಳುವೆಂದು ದೂರಕ್ಕೆ ಗೊತ್ತಾಗುವುದಿಲ್ಲ ಎಂದು ಸಮಾಧಾನಪಟ್ಟಳು.

ಹುಡುಗನ ತಾಯಿ ಬಂದವರೇ ಚಿತ್ರದ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದರು. "ತೆಳು" ಎಂದರು. ಮೂರನೆಯದೂ ತಪ್ಪಿತೆಂದೇ ನಾನು ಅಂದುಕೊಂಡೆ.

"ಹಂಸಗಳು ಎಷ್ಟು ಚೆನ್ನಾಗಿ ಬಂದಿವೆ ನೋಡಿ" ಎಂದು ಅಮ್ಮ ಮಾತು ತಿರುಗಿಸಿದಳು. ಅತ್ತೆ ಹೌದೆಂದರು. ನಾನೂ ಬಲ್ಲವನಂತೆ ತಲೆಯಾಡಿಸಿದೆ.

ಹುಡುಗ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು, ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದ. "ಇವು ಹಂಸ ಅಲ್ಲ ಅನ್ಸುತ್ತೆ. ರಾಗಿ ಹೊಲದಲ್ಲಿ ಗಡಿಗೆ ನೆಟ್ಟಿರೋ ಬಿಳೀ ಸೈಟ್ ಕಲ್ಲು ಅಲ್ವಾ?"

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ವಿಮಲೆ ತಲೆಯೆತ್ತಿ ಅವನನ್ನು ನೇರವಾಗಿ ನೋಡಿದಳು.

"ಹೌದು. ನಮ್ಮನೆ ಹಿಂದಿನ ಹೊಲ" ಎಂದಳು.

ಆಮೇಲೆ ನಾವೆಲ್ಲ ಮೊದಲ ಬಾರಿಗೆ ಆ ಚಿತ್ರವನ್ನು ನೋಡಿದೆವು.